ವ್ಯಾಯಾಮವೂ ವಿನೋದವೂ

ಆರೋಗ್ಯವೇ ಭಾಗ್ಯವೆಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಆ ಭಾಗ್ಯವನ್ನು ಪಡೆಯಬೇಕಾದರೆ ವ್ಯಾಯಾಮ ಅವಶ್ಯವೆಂಬುದೂ ಎಲ್ಲರಿಗೂ ತಿಳಿದ ವಿಷಯವೇ. ತಿಳಿದವರೂ ಅದನ್ನು ಮುಂದುವರಿಸಿಕೊಂಡು ಹೋಗದಿರುವುದೇಕೆ ಎಂಬುದಷ್ಟೇ ಇಲ್ಲಿ ವಿಚಾರಿಸತಕ್ಕ ಪ್ರಶ್ನೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಯುಗಾದಿಯ ದಿನವೋ, ಕಾಲೇಜಿನ ಕ್ರೀಡಾಸಪ್ತಾಹದ ಮರುದಿನವೋ ನಾವೂ ಹಾಗೆಯೇ ಹೊರಡುತ್ತೇವೆ. ನಸುಕಿನಲ್ಲೆದ್ದು ಓಟ, ಬಂದೊಡನೆ ಐವತ್ತು ದಂಡ, ನೂರು ಬಸ್ಕಿ. ಮೂರನೆಯ ದಿನ ಮೈಕೈ ನೋವು, ಐದನೆಯ ದಿನ ಮಳೆ, ಎಂಟನೆಯ ದಿನ ಮನೆಗೆ ನೆಂಟರು, ಅಲ್ಲಿಗೆ ವ್ರತಭಂಗ. ಇಂತಹ ಆರಂಭಶೂರತ್ವಕ್ಕೆ ಮನೋಬಲದ ಕೊರತೆಯೇ ಕಾರಣವೆಂದು ನಮ್ಮನ್ನು ನಾವೇ ಹಳಿದುಕೊಳ್ಳುವುದು ವಾಡಿಕೆ. ಬಹುಮಟ್ಟಿಗೆ ಕೊರತೆ ಇರುವುದು ಸಂತೋಷದ್ದು ಎಂಬುದನ್ನು ತೋರಿಸಿಕೊಡುವುದೇ ಈ ಲೇಖನದ ಉದ್ದೇಶ.

ಮೊದಲು ಈ ಸೀಮೆಯ ಹಳೆಯ ಜೀವನವನ್ನು ನೆನೆಯೋಣ. ಕೊಳ್ಳೇಗಾಲವು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, ೧೯೫೬ರ ನವೆಂಬರ್ ೧ರಂದು ಮೈಸೂರು ರಾಜ್ಯವನ್ನು ಕೂಡಿಕೊಂಡಿತಷ್ಟೆ. ಆ ಕಾಲದ ರೈತನಾಗಲಿ, ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ರೇಷ್ಮೆ ನೇಯುತ್ತಿದ್ದ ನೇಕಾರನಾಗಲಿ, ಯಳಂದೂರಿನ ಮೇಲಣ ಬಿಳಿಗಿರಿರಂಗನ ಬೆಟ್ಟದಲ್ಲಿ ಜೇನು ಸಂಗ್ರಹಿಸುತ್ತಿದ್ದ ಸೋಲಿಗನಾಗಲಿ ವ್ಯಾಯಾಮವೆಂಬ ಪ್ರತ್ಯೇಕ ಕಾರ್ಯಕ್ರಮವನ್ನು ಇಟ್ಟುಕೊಂಡವರಲ್ಲ. ಸಂತೆಗೂ ನಡಿಗೆ, ನೀರಿಗೂ ನಡಿಗೆ, ಜಾತ್ರೆಗೂ ನಡಿಗೆ. ಹೆಂಗಸರಿಗೆ ರಾಗಿಕಲ್ಲು, ಒನಕೆಗಳ ದುಡಿಮೆ ಬೇರೆ. ಆ ಬಾಳೆಲ್ಲ ಸುಖಮಯವಾಗಿತ್ತೆಂದು ಹೇಳಿದರೆ ತಪ್ಪಾದೀತು; ಅರೆಹೊಟ್ಟೆಯ ದುಡಿಮೆಯೂ ಅದರಲ್ಲಿ ಸಾಕಷ್ಟಿತ್ತು. ಈಗ ಕಾಮಗೆರೆ, ಲೊಕ್ಕನಹಳ್ಳಿ, ಮಾಂಬಳ್ಳಿ, ಸತ್ತೇಗಾಲಗಳಿಂದ ಬರುವ ವಿದ್ಯಾರ್ಥಿಗೆ ಬಸ್ಸು ಉಂಟು. ರಾಗಿಗೆ ಗಿರಣಿ ಉಂಟು. ಕೈಯಲ್ಲಿ ಮೊಬೈಲು ಉಂಟು. ದುಡಿಮೆ ಹಗುರವಾದುದು ಒಳ್ಳೆಯದೇ. ಆದರೆ ದುಡಿಮೆಯೊಡನೆ ಮೈಯ ಚಲನೆಯೂ ಹೊರಟುಹೋಯಿತು. ಅದನ್ನು ನಾವಾಗಿಯೇ ಮರಳಿ ತಂದುಕೊಳ್ಳಬೇಕಾಗಿದೆ.

ಇದು ಬರಿಯ ಊಹೆಯಲ್ಲ. ೨೦೨೪ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ೨೦೨೨ನೆಯ ಇಸವಿಯಲ್ಲಿ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು. ಗಂಡಸರಿಗಿಂತ ಹೆಂಗಸರಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ‘ಸಾಕಷ್ಟು’ ಎಂದರೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಕೊಟ್ಟ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಸಾಧಾರಣ ಶ್ರಮ, ಅಥವಾ ೭೫ರಿಂದ ೧೫೦ ನಿಮಿಷಗಳ ತೀವ್ರ ಶ್ರಮ. ಇದರೊಡನೆ ವಾರಕ್ಕೆ ಎರಡು ದಿನವಾದರೂ ಮಾಂಸಖಂಡಗಳನ್ನು ಬಲಪಡಿಸುವ ಕೆಲಸ. ೧೫೦ ನಿಮಿಷವೆಂದರೆ ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ. ಇದು ಯಾರ ಕೈಗೂ ನಿಲುಕದ ಲೆಕ್ಕವೇನಲ್ಲ.

ಇಷ್ಟರಿಂದಲೇ ಪ್ರಯೋಜನ ಉಂಟೆ ಎಂದು ಕೇಳುವವರಿಗೆ ಒಂದು ಪ್ರಸಿದ್ಧ ನಿದರ್ಶನವಿದೆ. ಜೆರಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರಿಶೀಲಿಸಿ ೧೯೫೩ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಬಸ್ಸು ಒಂದೇ, ರಸ್ತೆ ಒಂದೇ. ಡ್ರೈವರು ದಿನವೆಲ್ಲ ಕುಳಿತಿರತಕ್ಕವನು, ಕಂಡಕ್ಟರು ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯತಕ್ಕವನು. ಹೃದ್ರೋಗವು ಕಂಡಕ್ಟರುಗಳಲ್ಲಿ ಕಡಮೆಯಾಗಿ ಕಂಡುಬಂತು. ಈ ಕಂಡಕ್ಟರುಗಳು ಆರೋಗ್ಯಕ್ಕಾಗಿ ಮೆಟ್ಟಿಲು ಹತ್ತಿದವರಲ್ಲ, ಟಿಕೆಟ್ಟಿಗಾಗಿ ಹತ್ತಿದವರು. ಬೇರೊಂದು ಉದ್ದೇಶ ಜೊತೆಗಿದ್ದರೆ ಶ್ರಮವು ವರ್ಷಗಟ್ಟಲೆ ನಡೆದುಹೋಗುತ್ತದೆ ಎಂಬುದನ್ನು ಇಲ್ಲಿಯೇ ಮನಸ್ಸಿನಲ್ಲಿಡೋಣ.

ಹಾಗಾದರೆ ನಮ್ಮ ವ್ಯಾಯಾಮ ನಿಂತುಹೋಗುವುದೇಕೆ? ಅದರ ಫಲ ದೂರ, ನೋವು ಹತ್ತಿರ. ಮಧುಮೇಹ ಬಾರದಿರಲಿ ಎಂದು ಇಪ್ಪತ್ತನೆಯ ವಯಸ್ಸಿನಲ್ಲಿ ಓಡುವವನಿಗೆ ಫಲ ಕಾಣುವುದು ಐವತ್ತನೆಯ ವಯಸ್ಸಿನಲ್ಲಿ. ಅದೂ ಬಾರದೆ ಉಳಿದ ರೋಗದ ರೂಪದಲ್ಲಿ! ಬಾರದ ರೋಗವನ್ನು ಕಂಡು ಸಂತೋಷಪಟ್ಟವರುಂಟೆ? ಇತ್ತ ಕಾಲುನೋವು ಈ ದಿನವೇ ಬರುತ್ತದೆ. ದೂರದ ಲಾಭಕ್ಕೂ ಹತ್ತಿರದ ನೋವಿಗೂ ಪಂದ್ಯವಾದರೆ ಸಾಮಾನ್ಯ ಮನುಷ್ಯನಲ್ಲಿ ಗೆಲ್ಲುವುದು ಹತ್ತಿರದ್ದೇ. ಆದುದರಿಂದ ಈ ದಿನದ ಶ್ರಮಕ್ಕೆ ಈ ದಿನವೇ ಸಿಕ್ಕುವ ಒಂದು ಸುಖವನ್ನು ಜೋಡಿಸಬೇಕು. ದೀರ್ಘಕಾಲ ವ್ಯಾಯಾಮ ಮಾಡುವವರ ಗುಟ್ಟೆಲ್ಲ ಬಹುಶಃ ಇಷ್ಟೇ.

ಇನ್ನೊಂದು ಕಾರಣವೂ ಉಂಟು. ಅದು ನಮ್ಮ ಶಾಲೆಗಳಿಗೆ ಸಂಬಂಧಿಸಿದ್ದು. ಬಸ್ಕಿ ಎಂಬ ಪದವನ್ನು ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದೇನು? ತಡವಾಗಿ ಬಂದುದಕ್ಕೆ, ಮಗ್ಗಿ ಒಪ್ಪಿಸದುದಕ್ಕೆ, ಕಿವಿ ಹಿಡಿದು ಎದ್ದು ಕುಳಿತ ಶಿಕ್ಷೆ. ಆದರೆ ಬಸ್ಕಿಯ ತವರುಮನೆ ಗರಡಿ. ಮೈಸೂರಿನ ಗರಡಿಮನೆಗಳಲ್ಲಿ ಪೈಲ್ವಾನನು ಕೆಮ್ಮಣ್ಣಿಗೆ ನಮಸ್ಕರಿಸಿ, ಉಸ್ತಾದರ ಕಣ್ಣೆದುರಿಗೆ, ಜೊತೆಗಾರರೊಡನೆ ಎಣಿಸುತ್ತ ಅದೇ ಬಸ್ಕಿಯನ್ನು ಹೊಡೆಯುತ್ತಾನೆ. ದಸರಾ ಕುಸ್ತಿಯ ಅಖಾಡ ಅವನ ಕಣ್ಣಮುಂದಿರುತ್ತದೆ. ಮೊಣಕಾಲು ಮಡಿಸಿ ನೀಡುವ ಕ್ರಿಯೆ ಎರಡು ಕಡೆಯೂ ಒಂದೇ. ಒಂದು ಕಡೆ ಅದು ಅಭಿಮಾನ, ಇನ್ನೊಂದು ಕಡೆ ಅವಮಾನ. ವ್ಯಾಯಾಮವನ್ನು ದಂಡನೆಯಾಗಿ ಕಲಿತ ಮಗು ದೊಡ್ಡವನಾದ ಮೇಲೆ ದಂಡನೆಯಿಂದ ತಪ್ಪಿಸಿಕೊಳ್ಳುವಂತೆಯೇ ವ್ಯಾಯಾಮದಿಂದಲೂ ತಪ್ಪಿಸಿಕೊಂಡರೆ ಆಶ್ಚರ್ಯವೇನು? ಈ ಕಾಲೇಜಿನಿಂದ ಹೊರಟು ಮುಂದೆ ಉಪಾಧ್ಯಾಯರಾಗುವವರು ಈ ಒಂದು ಅಂಶವನ್ನು ದಯವಿಟ್ಟು ಮರೆಯಬಾರದು.

ಶ್ರಮವೂ ಸಂತೋಷವೂ ಹೇಗೆ ಒಂದಾಗಬಲ್ಲವು ಎಂಬುದನ್ನು ಕಾಣಲು ದೂರ ಹೋಗಬೇಕಾಗಿಲ್ಲ. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟವನ್ನು ಮೂಲವಾಗಿ ಉಳ್ಳ ಬೀಸು ಕಂಸಾಳೆಯನ್ನೇ ನೋಡಿ. ಮಾದಪ್ಪನ ಹೆಸರಿನಲ್ಲಿ ದೀಕ್ಷೆ ಪಡೆದ ದೇವರಗುಡ್ಡರು ಪರಂಪರೆಯಿಂದ ಉಳಿಸಿಕೊಂಡು ಬಂದ ಕಲೆ ಇದು. ಎಡಗೈಯಲ್ಲಿ ಬಟ್ಟಲಿನಂತಹ ಕಂಚಿನ ತಾಳ. ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ಮಹದೇಶ್ವರನ ಕಥೆಯನ್ನು ಹಾಡುತ್ತ, ದಾರದ ತಾಳವನ್ನು ಬೀಸಿ ತಂದು ಬಟ್ಟಲಿಗೆ ತಾಗಿಸುತ್ತ, ತಲೆಯ ಮೇಲೆ, ಬೆನ್ನ ಹಿಂದೆ, ಕಾಲುಗಳ ಸಂದಿನಲ್ಲಿ, ಪಕ್ಕದವನ ತಾಳಕ್ಕೂ ತಾಗಿಸುತ್ತ ಕುಣಿಯುವರು. ಕೂರುವುದು, ಏಳುವುದು, ಬಾಗುವುದು, ಹಾರುವುದು, ಮಲಗಿ ಬೀಸುವುದು ಎಲ್ಲವೂ ಅದರೊಳಗುಂಟು. ಹಾಡಿನ ನಡೆ ನಿಧಾನವಾದಾಗ ಹೆಜ್ಜೆಯೂ ನಿಧಾನ. ತಾಳ ಚುರುಕಾದಂತೆ ಬೀಸೂ ಚುರುಕು. ಈ ಶ್ರಮವನ್ನು ವ್ಯಾಯಾಮಶಾಲೆಯಲ್ಲಿ ಗಡಿಯಾರ ನೋಡಿಕೊಂಡು ಮಾಡೆಂದರೆ ಹತ್ತು ನಿಮಿಷಕ್ಕೆ ಸಾಕೆನಿಸೀತು. ಕುಣಿಯುವವನಿಗೆ ಮಾತ್ರ ಹೊತ್ತು ಹೋದುದೇ ತಿಳಿಯುವುದಿಲ್ಲ.

ಇದರ ರಹಸ್ಯವನ್ನು ಬಿಡಿಸಿ ನೋಡಿದರೆ ನಾಲ್ಕು ಎಳೆಗಳು ಕಾಣುತ್ತವೆ. ಮೊದಲನೆಯದು ತಾಳ: ಮುಂದಿನ ಹೆಜ್ಜೆಯನ್ನು ಮನಸ್ಸು ಒತ್ತಾಯಿಸಬೇಕಾಗಿಲ್ಲ, ತಾಳವೇ ಎಳೆದೊಯ್ಯುತ್ತದೆ. ಎರಡನೆಯದು ಜೊತೆ: ಒಬ್ಬನು ತಪ್ಪಿದರೆ ಸಾಲೇ ಕೆಡುವುದರಿಂದ ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಬೇಕಾದವನು. ಮೂರನೆಯದು ಕೌಶಲ: ಈ ವರ್ಷ ಮುಂದೆ ಬೀಸುವುದನ್ನು ಕಲಿತವನಿಗೆ ಬರುವ ವರ್ಷ ಬೆನ್ನಹಿಂದೆ ಬೀಸುವ ಆಸೆ, ಕಲಿಯುವುದು ಮುಗಿಯುವುದೇ ಇಲ್ಲ. ನಾಲ್ಕನೆಯದು ಅರ್ಥ: ಅವನು ಕುಣಿಯುವುದು ತೂಕ ಇಳಿಸಲೆಂದಲ್ಲ, ಮಾದಪ್ಪನಿಗಾಗಿ. ಬೆಟ್ಟದ ಕಾಲ್ನಡಿಗೆಯಲ್ಲಿಯೂ ಇವೇ ಎಳೆಗಳು. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ನಾನಾ ಊರುಗಳಿಂದ ಗುಂಪು ಕಟ್ಟಿ ‘ಉಘೇ ಮಾದಪ್ಪ’ ಎನ್ನುತ್ತ ನಡೆದು ಬಂದು ತಾಳುಬೆಟ್ಟದಿಂದ ಮೇಲೇರುವ ಭಕ್ತರಲ್ಲಿ, ಉಳಿದ ದಿನಗಳಲ್ಲಿ ಅಂಗಡಿಗೂ ನಡೆಯದವರು ಎಷ್ಟೋ ಮಂದಿ ಇರುತ್ತಾರೆ. ಸೋಲಿಗರು ರೊಟ್ಟಿ ಹಬ್ಬದಲ್ಲಿ ಹಾಡುತ್ತ ಕುಣಿಯುವಾಗಲೂ ಕಾಲುಗಳನ್ನು ನಡೆಸುವುದು ಹಾಡು ಮತ್ತು ನೆರೆಯವರ ಹೆಜ್ಜೆ.

ಮನಶ್ಶಾಸ್ತ್ರವೂ ಸುಮಾರಾಗಿ ಇದನ್ನೇ ಹೇಳುತ್ತದೆ. ಅಮೆರಿಕದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ವಿದ್ವಾಂಸರು ೧೯೮೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ ಸಿದ್ಧಾಂತದಂತೆ, ಮನುಷ್ಯನು ಒಂದು ಕೆಲಸದಲ್ಲಿ ಮನಸ್ಸಿಟ್ಟು ನಿಲ್ಲಬೇಕಾದರೆ ಮೂರು ಹಸಿವುಗಳು ತಣಿಯಬೇಕು: ತಾನಾಗಿ ಆರಿಸಿಕೊಂಡೆನೆಂಬ ಸ್ವಾತಂತ್ರ್ಯ, ತನಗೆ ಬರುತ್ತದೆಂಬ ಸಾಮರ್ಥ್ಯ, ತನ್ನವರು ಜೊತೆಗಿದ್ದಾರೆಂಬ ಬಾಂಧವ್ಯ. ಹೊರಗಿನ ಬಹುಮಾನ ಈ ಸ್ಥಾನವನ್ನು ತುಂಬಲಾರದು. ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ೧೯೭೩ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಚಿತ್ರ ಬಿಡಿಸುವುದರಲ್ಲಿ ಸಹಜವಾಗಿಯೇ ಆಸಕ್ತಿಯಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ “ಚಿತ್ರ ಬಿಡಿಸಿದರೆ ಬಹುಮಾನ ಪತ್ರ ಕೊಡುತ್ತೇವೆ” ಎಂದು ಮೊದಲೇ ಹೇಳಿ ಕೊಡಲಾಯಿತು. ಕೆಲವು ದಿನಗಳ ಮೇಲೆ ನೋಡಿದರೆ, ಆ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರಕ್ಕೆ ಕೊಡುತ್ತಿದ್ದ ಕಾಲ ಇತರ ಮಕ್ಕಳಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಆಟವು ಕೂಲಿಯಾಗಿ ಮಾರ್ಪಟ್ಟಿತ್ತು. ಹಾಜರಿಗೋಸ್ಕರ, ಪದಕಕ್ಕೋಸ್ಕರ, ಛಾಯಾಚಿತ್ರಕ್ಕೋಸ್ಕರ ಮಾತ್ರ ಮೈದಾನಕ್ಕೆ ಇಳಿಯುವವರು ಅವು ಮುಗಿದ ಮೇಲೆ ಏಕೆ ಕಾಣಿಸುವುದಿಲ್ಲವೆಂಬುದಕ್ಕೆ ಇದರಲ್ಲಿ ಉತ್ತರವಿದೆ.

ಇಷ್ಟು ತತ್ತ್ವವಾಯಿತು. ಇನ್ನು ಅನುಷ್ಠಾನಕ್ಕೆ ಬರೋಣ.

ಮೊದಲನೆಯದಾಗಿ, ಶ್ರಮದ ಅಳತೆ. ಹೊಸಬರು ಕೆಡುವುದು ಅತಿವೇಗದಿಂದ. ಅಳೆಯಲು ಯಂತ್ರವೇನೂ ಬೇಡ, ನಾಲಿಗೆಯೇ ಸಾಕು. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದು ಸಾಧಾರಣ ಶ್ರಮ. ಎರಡು ಮೂರು ಪದಕ್ಕೇ ಉಸಿರು ಕಟ್ಟಿದರೆ ಅದು ತೀವ್ರ ಶ್ರಮ. ಏದುಸಿರಿನ ಈ ಗಡಿಯನ್ನು ದಾಟಿದ ಮೇಲೆ ಹೆಚ್ಚಿನವರಿಗೆ ವ್ಯಾಯಾಮ ಅಹಿತವೆನಿಸತೊಡಗುತ್ತದೆ. ಆದುದರಿಂದ ಮೊದಲ ಕೆಲವು ವಾರ ಗಡಿಯ ಈಚೆಗೇ ಇದ್ದು, “ಇನ್ನೂ ಸ್ವಲ್ಪ ಮಾಡಬಹುದಾಗಿತ್ತು” ಎಂಬ ಆಸೆ ಉಳಿದಿರುವಾಗಲೇ ನಿಲ್ಲಿಸುವುದು ಲೇಸು. ಹಸಿವು ಉಳಿಸಿಕೊಂಡು ಎದ್ದವನು ಮುಂದಿನ ಊಟಕ್ಕೆ ತಾನಾಗಿಯೇ ಬರುತ್ತಾನೆ.

ಎರಡನೆಯದಾಗಿ, ಮುಕ್ತಾಯ. ೨೦೧೬ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದು ಗುಂಪಿನವರ ವ್ಯಾಯಾಮ ಹಗುರವಾಗಿ ಆರಂಭವಾಗಿ ಬರಬರುತ್ತ ಕಠಿನವಾಯಿತು; ಇನ್ನೊಂದು ಗುಂಪಿನವರದು ಕಠಿನವಾಗಿ ಆರಂಭವಾಗಿ ಬರಬರುತ್ತ ಹಗುರವಾಯಿತು. ಹಗುರವಾಗಿ ಮುಗಿಸಿದವರಿಗೆ ಆ ವ್ಯಾಯಾಮದ ನೆನಪು ಹೆಚ್ಚು ಹಿತವಾಗಿ ಉಳಿದಿತ್ತು. ನಾಳೆ ನಮ್ಮನ್ನು ಹಾಸಿಗೆಯಿಂದ ಎಬ್ಬಿಸತಕ್ಕದ್ದು ಈ ದಿನದ ನೆನಪೇ. ಮೈ ಬೆಚ್ಚಗಾದ ಮೇಲೆ ಕಷ್ಟದ ಭಾಗವನ್ನು ಮೊದಲು ಮುಗಿಸಿ, ಕೊನೆಯ ಹತ್ತು ನಿಮಿಷ ಗೆಳೆಯರೊಡನೆ ಹರಟುತ್ತ ನಡೆಯಿರಿ. ಕೊಳ್ಳೇಗಾಲದವರು ಮರಡಿಗುಡ್ಡವನ್ನು ಚುರುಕಾಗಿ ಏರಿ, ಮೇಲೆ ನಿಂತು ಗಾಳಿ ಕುಡಿದು, ನಿಧಾನವಾಗಿ ಇಳಿದು ಬಂದರೆ ಈ ಸೂತ್ರ ತಾನಾಗಿಯೇ ನಡೆದಂತಾಗುತ್ತದೆ.

ಮೂರನೆಯದಾಗಿ, ಆಯ್ಕೆ. ಎಲ್ಲರೂ ಓಡಲೇಬೇಕೆಂಬ ಶಾಸ್ತ್ರವಿಲ್ಲ. ಒಬ್ಬನಿಗೆ ಕಬಡ್ಡಿ ಇಷ್ಟ, ಒಬ್ಬಳಿಗೆ ಕೋಲಾಟ ಇಷ್ಟ, ಇನ್ನೊಬ್ಬರಿಗೆ ಒಂಟಿಯಾಗಿ ಸೂರ್ಯನಮಸ್ಕಾರ ಮಾಡುವುದೇ ಇಷ್ಟ. ಋತುವಿಗೆ ತಕ್ಕಂತೆ ಬದಲಾಯಿಸುವುದೂ ಒಳ್ಳೆಯದು. ಬೇಸಿಗೆಯಲ್ಲಿ ಬೆಳಗಿನ ತಂಪಿನ ನಡಿಗೆ. ಮಳೆಗಾಲದಲ್ಲಿ ಮನೆಯೊಳಗೆ ದಂಡ, ಬಸ್ಕಿ, ಆಸನಗಳು. ಮಳೆ ನಿಂತ ಮೇಲೆ ಭಾನುವಾರ ಭರಚುಕ್ಕಿಯವರೆಗೆ ಸೈಕಲ್ಲು. ಹೊಲದ ಕೆಲಸ ಇರುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗುದ್ದಲಿ ಹಿಡಿದು ಬೆವರು ಸುರಿಸಿದವನು ಮತ್ತೆ ವ್ಯಾಯಾಮವಿಲ್ಲವೆಂದು ಕೊರಗಬೇಕಾಗಿಲ್ಲ.

ನಾಲ್ಕನೆಯದಾಗಿ, ಜೊತೆ. ಒಬ್ಬನೇ ಮಾಡಿದ ಸಂಕಲ್ಪವನ್ನು ಒಬ್ಬನೇ ಮುರಿಯಬಹುದು. ಬೀದಿಯ ಮೂಲೆಯಲ್ಲಿ ಇನ್ನೊಬ್ಬನು ಕಾಯುತ್ತಿದ್ದರೆ ಹೊದಿಕೆ ತಾನಾಗಿ ಸರಿಯುತ್ತದೆ. ಮೂರು ನಾಲ್ಕು ಮಂದಿಯ ಸಣ್ಣ ಕೂಟವೇ ಸಾಕು. ವೇಗದಲ್ಲಿ ಬಹಳ ಅಂತರವಿಲ್ಲದಿದ್ದರೆ ಇನ್ನೂ ಒಳ್ಳೆಯದು. ಜೊತೆ ಸಿಗದ ದಿನ ಹಾಡನ್ನೋ, ಕಥೆಯನ್ನೋ ಮೊಬೈಲಿನಲ್ಲಿ ಕೇಳುತ್ತ ನಡೆಯಬಹುದು. ಮೆಚ್ಚಿನ ಕಥೆಯನ್ನು ನಡಿಗೆಯ ವೇಳೆಗೇ ಮೀಸಲಿಟ್ಟರೆ, ಕಥೆಯ ಕುತೂಹಲವೇ ಕಾಲನ್ನು ಹೊರಡಿಸುತ್ತದೆ. ರಸ್ತೆಯ ಮೇಲೆ ಮಾತ್ರ ಕಿವಿ ವಾಹನಗಳಿಗೆ ತೆರೆದಿರಲಿ.

ಐದನೆಯದಾಗಿ, ತಾಳ್ಮೆ. ಅಭ್ಯಾಸವು ಇಪ್ಪತ್ತೊಂದು ದಿನಗಳಲ್ಲಿ ಕೂಡುತ್ತದೆಂಬ ಮಾತು ಬಹಳ ಪ್ರಚಾರದಲ್ಲಿದೆ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ೯೬ ಮಂದಿಯನ್ನು ಪರಿಶೀಲಿಸಿದಾಗ, ಹೊಸ ನಡತೆಯೊಂದು ಅಭ್ಯಾಸವಾಗಿ ನೆಲೆಸಲು ಮಧ್ಯಮ ಲೆಕ್ಕದಲ್ಲಿ ೬೬ ದಿನಗಳು ಬೇಕಾದವು. ಕೆಲವರಿಗೆ ೧೮, ಕೆಲವರಿಗೆ ೨೫೪ ದಿನಗಳೆಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದುದರಿಂದ ಹೆಚ್ಚಿನ ಹಾನಿಯೇನೂ ಆಗಲಿಲ್ಲವೆಂಬುದೂ ಅದೇ ಅಧ್ಯಯನದಲ್ಲಿ ಕಂಡುಬಂತು. ಆದುದರಿಂದ ಒಂದು ದಿನ ತಪ್ಪಿದೊಡನೆ ವ್ರತ ಕೆಟ್ಟಿತೆಂದು ಕೈಬಿಡುವುದು ಅವಿವೇಕ. ಪರೀಕ್ಷೆಯ ಕಾಲದಲ್ಲಿ ಒಂದು ಗಂಟೆ ಸಿಗದಿದ್ದರೆ ಹತ್ತು ನಿಮಿಷವಾದರೂ ನಡೆಯಿರಿ. ಎಳೆ ಕಡಿಯದಿದ್ದರೆ ಸಾಕು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ‘ಸಂತೋಷವನ್ನೇ ನೆಚ್ಚಿಕೊಂಡರೆ ಶಿಸ್ತು ಎಲ್ಲಿ ಉಳಿಯಿತು?’ ಆಕ್ಷೇಪಣೆ ನ್ಯಾಯವಾದುದೇ. ಕಂಸಾಳೆಯನ್ನು ಕಲಿಯುವವನಿಗೂ ಮೊದಮೊದಲು ದಾರ ತೊಡರುತ್ತದೆ, ತಾಳ ತಪ್ಪುತ್ತದೆ, ಬೆರಳಿಗೆ ಪೆಟ್ಟಾಗುತ್ತದೆ. ಸಂತೋಷವೆಂದರೆ ಸುಲಭವೆಂದು ಅರ್ಥವಲ್ಲ. ಬೇಸರದ ದಿನಗಳನ್ನು ದಾಟಿಸಲು ಶಿಸ್ತು ಬೇಕು. ಆದರೆ ಎಲ್ಲ ದಿನಗಳೂ ಬೇಸರದ ದಿನಗಳೇ ಆದರೆ ಯಾವ ಶಿಸ್ತೂ ನಲವತ್ತು ವರ್ಷ ಬಾಳಲಾರದು.

ಈ ವಿಷಯದಲ್ಲಿ ಹೆಚ್ಚು ಯೋಚಿಸಬೇಕಾದುದು ವಿದ್ಯಾರ್ಥಿನಿಯರ ಬಗೆಗೆ. ಕುಂಟೆಬಿಲ್ಲೆ, ಲಗೋರಿಗಳಲ್ಲಿ ಅಣ್ಣತಮ್ಮಂದಿರನ್ನು ಸೋಲಿಸುತ್ತಿದ್ದ ಹುಡುಗಿ ‘ದೊಡ್ಡವಳಾದಳು’ ಎಂಬ ಒಂದೇ ಮಾತಿಗೆ ಅಂಗಳದಿಂದ ಒಳಗೆ ಹೋಗುತ್ತಾಳೆ. ಆಟ ಅಲ್ಲಿಗೆ ಮುಗಿಯುತ್ತದೆ. ಕಾಲೇಜಿನ ಮೂರು ವರ್ಷಗಳಲ್ಲಿ ಆಡಿದರೂ ಮದುವೆಯ ಮೇಲೆ ಮತ್ತೆ ನಿಲ್ಲುತ್ತದೆ. ಒಂಟಿಯಾಗಿ ನಡೆಯಲು ಸಂಕೋಚ, ನೋಡುವವರ ಮಾತಿನ ಭಯ. ಅವಳಿಗೆ ಮನೋಬಲ ಸಾಲದೆಂದು ಹೇಳುವುದು ಅನ್ಯಾಯ. ಸಾಲದಿರುವುದು ನಾವು ಬಿಟ್ಟುಕೊಟ್ಟ ಸ್ಥಳ. ಗಂಡಸರ ಕಲೆಯಾಗಿ ಬೆಳೆದು ಬಂದ ಕಂಸಾಳೆಯನ್ನು ಈಗ ಕಾಲೇಜು ಹುಡುಗಿಯರೂ ಕಲಿತು ವೇದಿಕೆಯ ಮೇಲೆ ಬೀಸುತ್ತಿದ್ದಾರೆ. ನಮ್ಮ ನೆರೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಅವರು, ೨೦೨೫ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿದ್ದರು. ಹಳ್ಳಿಯ ಮೈದಾನದ ಆಟ ಎಲ್ಲಿಯವರೆಗೆ ಕೊಂಡೊಯ್ಯಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಎಲ್ಲರೂ ವಿಶ್ವಕಪ್ಪಿಗೆ ಹೋಗಬೇಕಾಗಿಲ್ಲ. ಸಂಜೆ ಅರ್ಧ ಗಂಟೆ ನಾಲ್ವರು ಗೆಳತಿಯರು ನಿರ್ಭಯವಾಗಿ ನಡೆದು ಬರುವಂತಾದರೆ ಅದೇ ದೊಡ್ಡ ಗೆಲವು. ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೊರಟರೆ ಗೆಲವು ಎರಡರಷ್ಟು.

ಕೆಲವು ಎಚ್ಚರಿಕೆಗಳನ್ನೂ ಹೇಳುವುದು ಅಗತ್ಯ. ಎದೆನೋವು, ತಲೆಸುತ್ತು, ಉಬ್ಬಸ ಇರುವವರೂ, ಮಧುಮೇಹಕ್ಕೆ ಔಷಧ ತೆಗೆದುಕೊಳ್ಳುತ್ತಿರುವ ಹಿರಿಯರೂ ಮೊದಲು ವೈದ್ಯರನ್ನು ಕಾಣಬೇಕು. ಬೇಸಿಗೆಯ ನಡುಹಗಲಿನಲ್ಲಿ ಓಡಬಾರದು. ಬಿಳಿಗಿರಿರಂಗನ ಬೆಟ್ಟ ೨೦೧೧ರಿಂದ ಹುಲಿ ಸಂರಕ್ಷಿತ ಪ್ರದೇಶ. ಮಹದೇಶ್ವರ ಬೆಟ್ಟದ ಸುತ್ತಲೂ ವನ್ಯಧಾಮ. ಆನೆ, ಚಿರತೆಗಳ ದಾರಿಯಲ್ಲಿ ಹೊತ್ತುಗೊತ್ತಿಲ್ಲದೆ ಒಂಟಿಯಾಗಿ ನಡೆಯುವುದು ಸಾಹಸವಲ್ಲ, ಅಪಾಯ. ಅರಣ್ಯ ಇಲಾಖೆಯವರ ಸೂಚನೆಗಳನ್ನು ಪಾಲಿಸಿ, ತೆರೆದಿರುವ ದಾರಿಯಲ್ಲಿ, ತೆರೆದಿರುವ ವೇಳೆಯಲ್ಲಿ, ಗುಂಪಾಗಿ ನಡೆಯಬೇಕು.

ವಿದ್ಯಾರ್ಥಿಮಿತ್ರರೇ, ಕಾಲೇಜಿನ ಮೈದಾನ, ಜೊತೆಗಾರರು, ಸಂಜೆಯ ಬಿಡುವು ಇವೆಲ್ಲ ನಮಗೆ ಈಗ ಕೇಳದೆಯೇ ದೊರೆತಿವೆ. ಪದವಿ ಮುಗಿದ ಮರುವರ್ಷ ಕೆಲವರು ಬೆಂಗಳೂರಿನ ಕಾರ್ಖಾನೆಗೆ, ಕೆಲವರು ಕಚೇರಿಗೆ, ಕೆಲವರು ಮನೆಯ ಹೊಲಕ್ಕೆ, ಕೆಲವರು ಅತ್ತೆಯ ಮನೆಗೆ. ಆಗ ಶಿಳ್ಳೆ ಊದಿ ಕರೆಯುವ ದೈಹಿಕ ಶಿಕ್ಷಣ ನಿರ್ದೇಶಕರು ಇರುವುದಿಲ್ಲ. ಪದಕ ಕೊಡುವ ಅತಿಥಿಗಳೂ ಇರುವುದಿಲ್ಲ. ಉಳಿಯುವುದು ನಾವು ನಿಜವಾಗಿ ಪ್ರೀತಿಸಿದ ಆಟವೊಂದೇ. ಅಂತಹದೊಂದನ್ನು ಇಲ್ಲಿ ಇರುವಾಗಲೇ ಪ್ರತಿಯೊಬ್ಬರೂ ಹುಡುಕಿಕೊಳ್ಳಬೇಕು. ಅದು ನಡಿಗೆಯಾಗಲಿ, ಕುಸ್ತಿಯಾಗಲಿ, ಕೋಲಾಟವಾಗಲಿ, ಕಂಸಾಳೆಯಾಗಲಿ, ಅಂಕಪಟ್ಟಿಯಲ್ಲಿ ಸೇರದಿದ್ದರೂ ಮುಂದಿನ ನಲವತ್ತು ವರ್ಷ ನಮ್ಮೊಡನೆ ಬಾಳತಕ್ಕ ಪದವಿ ಅದು. ಅಂತಹ ಪದವಿ ನಮ್ಮೆಲ್ಲರಿಗೂ ದೊರೆಯಲೆಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.